ಆಕ್ರಮಣ ಸಂಯೋಜಕಿಯ ಗಂಡ

ಗಂಡ ಹೆಂಡತಿ ಒಂದೇ ಶಾಲೆಯಲ್ಲಿ ಕೆಲಸ ಮಾಡಬಾರದು. ಮಾಡಿದರೂ ಒಂದೇ ಮೈದಾನವನ್ನು ಹಂಚಿಕೊಳ್ಳಬಾರದು. ನಾನು ಎರಡೂ ತಪ್ಪು ಮಾಡಿದವನು. ಅದಕ್ಕೇ ಈ ಅಹವಾಲು.

ನನ್ನ ಹೆಸರು ಲೀಲ್ಯಾಂಡ್ ವೊಂಡ್ರಾ. ನೆಬ್ರಾಸ್ಕಾದ ಎಲ್ಮ್ ಫೋರ್ಕ್ ಹೈಸ್ಕೂಲಿಗೆ ಹತ್ತೊಂಬತ್ತು ವರ್ಷದಿಂದ ಫುಟ್‌ಬಾಲ್ ಕೋಚ್. (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲು; ನಮ್ಮಂಥ ಸಣ್ಣ ಊರಿನಲ್ಲಿ ತಂಡಕ್ಕೆ ಎಂಟೇ ಜನ.) ನನ್ನ ಹೆಂಡತಿ ಆರ್ಡಿಸ್ ಅದೇ ಶಾಲೆಯ ಬ್ಯಾಂಡ್ ಮೇಡಮ್ಮು. ಶುಕ್ರವಾರ ಸಂಜೆ ಆಟದ ನಡುವೆ ವಿರಾಮ ಬರುತ್ತದಲ್ಲ, ಆಗ ಇಪ್ಪತ್ತಾರು ಮಕ್ಕಳು ತುತ್ತೂರಿ, ಡೋಲು ಹಿಡಿದು ನನ್ನ ಮೈದಾನದ ಮೇಲೆ ಮೆರವಣಿಗೆ ಹೋಗುತ್ತವೆ. ಹುಲ್ಲು ಹಾಳಾಯಿತಲ್ಲ ಅಂತ ನಾನು ಹಲ್ಲು ಕಡಿಯುತ್ತಿರುತ್ತೇನೆ. ("ಹುಲ್ಲು ಹಾಳ್ಮಾಡೋದು ನಿನ್ನ ಹುಡುಗ್ರು. ನನ್ನ ಮಕ್ಕಳು ನಡೀತಾರೆ, ನಿನ್ನವರು ಬೀಳ್ತಾರೆ" ಎಂಬುದು ಆರ್ಡಿಸ್ ವಾದ.)

ಹೋದ ವರ್ಷ ನಾವು ಎಂಟು ಪಂದ್ಯದಲ್ಲಿ ಒಂದು ಗೆದ್ದೆವು. ಅದೂ ಎದುರಾಳಿಗಳ ಬಸ್ಸು ದಾರಿಯಲ್ಲಿ ಕೆಟ್ಟು ನಿಂತದ್ದರಿಂದ. ಶಾಲಾ ಮಂಡಳಿಯವರ ತಾಳ್ಮೆ ಮುಗಿಯಿತು. ಈ ಸಲ ನಾಲ್ಕಾದರೂ ಗೆಲ್ಲದಿದ್ದರೆ ನಮ್ಮ ತಂಡವನ್ನು ಸಾರ್ಜೆಂಟ್ ಹಿಲ್ ತಂಡದೊಳಗೆ ಸೇರಿಸಿಬಿಡುವುದು ಅಂತ ನಿರ್ಣಯ ಮಾಡಿದರು. ಸಾರ್ಜೆಂಟ್ ಹಿಲ್! ಹನ್ನೆರಡು ಮೈಲಿ ಆಚೆಗಿನ ಆ ಊರಿನ ಹೆಸರೆತ್ತಿದರೆ ನಮ್ಮಪ್ಪ ಊಟದ ತಟ್ಟೆ ಬಿಟ್ಟು ಏಳುತ್ತಿದ್ದರು. ಇನ್ನು ನಮ್ಮ ಹುಡುಗರು ಅವರ ಹಳದಿ ಅಂಗಿ ತೊಟ್ಟು ಆಡಬೇಕಂತೆ.

ಇಂಥ ಸಂಕಟದ ಹೊತ್ತಿನಲ್ಲಿ ನಮ್ಮ ಆಕ್ರಮಣ ಸಂಯೋಜಕ ವರ್ಲಿನ್ ಮಗಳ ಊರಿಗೆ ಮನೆ ಬದಲಾಯಿಸಿಕೊಂಡು ಹೊರಟೇಹೋದ. ಚೆಂಡು ನಮ್ಮ ಕೈಯಲ್ಲಿದ್ದಾಗ ಯಾರು ಎಲ್ಲಿಗೆ ಓಡಬೇಕು ಅಂತ ನಿರ್ಧರಿಸುವ ಮಹಾ ಹುದ್ದೆ ಅದು. ವರ್ಲಿನ್ನನ ಸಮಗ್ರ ಯುದ್ಧನೀತಿ ಎರಡೇ ಶಬ್ದದ್ದು: "ನುಗ್ಗ್ರೋ, ನುಗ್ಗ್ರೋ!" ಆದರೂ ಅವನ ಜಾಗಕ್ಕೆ ಒಬ್ಬನೂ ಅರ್ಜಿ ಹಾಕಲಿಲ್ಲ. ಮುಳುಗುವ ದೋಣಿಗೆ ಯಾರು ಹತ್ತುತ್ತಾರೆ?

ಆ ಭಾನುವಾರ ಊಟಕ್ಕೆ ಕೂತಾಗ ಆರ್ಡಿಸ್ ನನ್ನ ಬಟ್ಟಲಿಗೆ ಚಿಲಿ ಎಂಬ ಮಾಂಸ, ಕಾಳಿನ ಖಾರದ ಸಾರು ಬಡಿಸುತ್ತ ಹೇಳಿದಳು:

"ನಾನು ಮಾಡ್ತೀನಿ."

"ಏನ್ ಮಾಡ್ತೀಯ? ಇನ್ನೊಂಚೂರು ಚಿಲೀನಾ?"

"ವರ್ಲಿನ್ ಕೆಲಸ."

ನಾನು ನಕ್ಕ ರಭಸಕ್ಕೆ ಚಿಲಿ ಮೂಗಿಗೆ ಹತ್ತಿತು. "ಅಲ್ಲ ಕಣೇ, ಇದು ಫುಟ್‌ಬಾಲು! ಪೀಪಿ ಊದೋದಲ್ಲ."

"ಇಪ್ಪತ್ತಾರು ಮಕ್ಕಳನ್ನ ಒಬ್ರಿಗೊಬ್ರು ಡಿಕ್ಕಿ ಹೊಡೀದ ಹಾಗೆ ಅದೇ ಮೈದಾನದಲ್ಲಿ ಓಡಾಡಿಸ್ತೀನಿ. ಅದೂ ಹಿಂದಕ್ಕೆ ನಡೀತಾ, ಟ್ಯೂಬಾ ಊದ್ತಾ. ನೀನು ಎಂಟು ಜನಾನ ಓಡಿಸ್ತೀಯ, ಅದ್ರಲ್ಲಿ ಮೂವರು ತಮ್ಮವರನ್ನೇ ಗುದ್ದಿ ಬೀಳ್ತಾರೆ."

ಆಗ ನನಗೊಂದು ದಿವ್ಯ ಉಪಾಯ ಹೊಳೆಯಿತು. ಎರಡು ಪಂದ್ಯ ಬಿಟ್ಟುಕೊಡೋಣ. ಸೋತು ಬರಲಿ. ಆಮೇಲಾದರೂ ಕೋಚ್ ಅಂದರೆ ಏನೆಂದು ಗೊತ್ತಾಗಿ, ನನಗೆ ಮನೆಯಲ್ಲಿ ಚೂರು ಮರ್ಯಾದೆ ಹುಟ್ಟುತ್ತದೆ. "ಆಗಲಿ" ಅಂದೆ. (ಈ ಒಂದು ಶಬ್ದಕ್ಕಾಗಿ ನಾನು ಪಟ್ಟ ಪಾಡು ಮುಂದಿದೆ.)

ಮರುದಿನದಿಂದ ನಮ್ಮ ಊಟದ ಮೇಜು ರಣರಂಗವಾಯಿತು. ದಾಲ್ಚಿನ್ನಿ ರೋಲುಗಳೆಲ್ಲ ಆಟಗಾರರು. ನಾನು ಮರೆತು ಒಂದನ್ನು ಬಾಯಿಗೆ ಹಾಕಿಕೊಂಡೆ.

"ಲೀಲ್ಯಾಂಡ್! ಎಡಗಡೆ ಕಾವಲುಗಾರನ್ನ ತಿಂದ್ಬಿಟ್ಯಲ್ಲೋ!"

"ಹಾಗಾದ್ರೆ ಇನ್ನೊಂದು ಇಡು."

"ನಾನು ಮಂಡಳಿಗೂ ಅದನ್ನೇ ಹೇಳ್ತಿದ್ದೆ. ಕೋಚು ತಿಂತಾರೆ, ತಂಡ ಸವೀತಿದೆ ಅಂತ."

ಮೈದಾನದಲ್ಲಿ ಅವಳು ಹುಡುಗರ ಕೈಗೆ ಚೆಂಡನ್ನೇ ಕೊಡಲಿಲ್ಲ. ಮೊದಲ ವಾರವಿಡೀ ಎಣಿಕೆ. ಒಂದು, ಎರಡು, ಮೂರು, ತಿರುಗು. ಕೊಟ್ಟಿಗೆಯ ಬಾಗಿಲಷ್ಟು ಅಗಲದ ಹುಡುಗರು ಬಾಯಲ್ಲಿ ಲೆಕ್ಕ ಹೇಳುತ್ತ ಹೆಜ್ಜೆ ಹಾಕುವುದನ್ನು ನೋಡಿ ಬೇಲಿಯಾಚೆ ನಿಂತ ಊರಿನವರು ಹೊಟ್ಟೆ ಹಿಡಿದು ನಕ್ಕರು. ಮೊದಲ ಎರಡು ಪಂದ್ಯ ಸೋತೆವು. ನಾನು ದುಃಖದ ಮುಖ ಮಾಡಿಕೊಂಡು ಒಳಗೊಳಗೇ ಹಿಗ್ಗಿದೆ.

ಮೂರನೆಯ ಪಂದ್ಯದಲ್ಲಿ ಅದು ನಡೆಯಿತು. ಹೇಗೆ ಹೇಳಲಿ? ಚೆಂಡು ಹಂಚುವ ನಮ್ಮ ಕ್ವಾರ್ಟರ್‌ಬ್ಯಾಕ್ ಬ್ರೈಸ್ ಎಣಿಕೆ ಶುರು ಮಾಡಿದ. ಎಂಟು ಹುಡುಗರೂ ಒಟ್ಟಿಗೆ ಎದ್ದರು. ಇಬ್ಬರು ಬಲಕ್ಕೆ, ಇಬ್ಬರು ಎಡಕ್ಕೆ, ಒಬ್ಬರ ಬೆನ್ನ ಹಿಂದೆ ಇನ್ನೊಬ್ಬರು ಹಾದುಹೋದರು, ನಡುವೆ ಕಾಗದವೂ ತೂರದಷ್ಟು ಅಂತರ, ಆದರೂ ಒಬ್ಬರಿಗೊಬ್ಬರು ತಗಲಲಿಲ್ಲ. ಚೆಂಡು ಎಲ್ಲಿದೆ ಅಂತ ಎದುರಾಳಿಗಳಿಗೆ ತಿಳಿಯಲಿಲ್ಲ, ಅಂಪೈರಿಗೆ ತಿಳಿಯಲಿಲ್ಲ, ನನಗಂತೂ ತಿಳಿಯಲೇ ಇಲ್ಲ. ತಿಳಿದದ್ದು ಆ ತುದಿಯ ಗೆರೆ ದಾಟಿ ಒಬ್ಬ ಹುಡುಗ ಕೈ ಮೇಲೆತ್ತಿ ನಿಂತಾಗ. ಹತ್ತೊಂಬತ್ತು ವರ್ಷ ಅದೇ ಗೆರೆಯ ಪಕ್ಕ ನಿಂತವನು ನಾನು. ಇಷ್ಟು ಚೆಂದದ್ದು ಅಲ್ಲಿ ನಡೆಯಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ತಲೆ ಎತ್ತಿ ಮೇಲೆ ನೋಡಿದೆ. ಮೈಕಿನಲ್ಲಿ ಅಂಕ ಕೂಗುವವರು ಕೂರುವ ಎತ್ತರದ ಗೂಡಿನ ಕಿಟಕಿಯಲ್ಲಿ ಆರ್ಡಿಸ್ ಪೆನ್ಸಿಲಿನಿಂದ ತಾಳ ಹಾಕುತ್ತಿದ್ದಳು. ನನ್ನ ಕಣ್ಣು ಯಾಕೋ ಮಂಜಾಯಿತು.

ಕಿವಿಯ ಹೆಡ್‌ಫೋನಿನಲ್ಲಿ ಅವಳ ದನಿ ಬಂತು: "ಬಾಯಿ ಮುಚ್ಕೋ ಲೀಲ್ಯಾಂಡ್, ಹುಳ ಹೋಗತ್ತೆ."

ಕೊನೆಯ ಪಂದ್ಯದ ಹೊತ್ತಿಗೆ ಮೂರು ಗೆದ್ದಿದ್ದೆವು. ನಾಲ್ಕನೆಯದು ಬೇಕೇ ಬೇಕು. ಎದುರಾಳಿ ಸಾರ್ಜೆಂಟ್ ಹಿಲ್.

ಆ ಸಂಜೆ ಎರಡೂ ಊರಿನಲ್ಲಿ ನಾಯಿಗಳಷ್ಟೇ ಮನೆ ಕಾಯುತ್ತಿದ್ದವು. ಒಂಬತ್ತು ಸೆಕೆಂಡು ಉಳಿದಿದೆ, ನಾಲ್ಕು ಅಂಕ ಹಿಂದಿದ್ದೇವೆ, ದಾಟಿದರೆ ಆರು ಅಂಕ ಕೊಡುವ ಗೆರೆ ಐದು ಗಜ ದೂರದಲ್ಲಿದೆ. ನಾನು ಒಂದು ನಿಮಿಷ ಆಟ ನಿಲ್ಲಿಸಲು ಕೇಳಿಕೊಂಡೆ. ಆರ್ಡಿಸ್ ಗೂಡಿನಿಂದ ಇಳಿದು ಬಂದು, ಹುಡುಗರನ್ನು ಸುತ್ತ ನಿಲ್ಲಿಸಿಕೊಂಡು ಪಿಸುಗುಟ್ಟಿದಳು. ನಾನು ಎಷ್ಟು ಕತ್ತು ಚಾಚಿದರೂ ಅವರ ಬೆನ್ನುಗಳೇ ಕಂಡವು.

"ಯಾವ ಕಡೆ? ನಂಗಾದ್ರೂ ಹೇಳೇ!"

ಅವಳು ನನ್ನ ಕಿವಿಗೆ ಬಾಯಿಟ್ಟಳು. "ಎಡಕ್ಕೆ. ಯಾರಿಗೂ ಗೊತ್ತಾಗ್ಬಾರ್ದು."

"ನನ್ನ ಹತ್ರಾನಾ? ಬಂಡೆ ಕಣೇ ನಾನು, ಬಂಡೆ."

ಬಂಡೆಯಂತೆಯೇ ನಿಂತೆ. ಮುಖದ ಒಂದು ನರವೂ ಅಲುಗಲಿಲ್ಲ ಅಂತ ಆಣೆ ಮಾಡಿ ಹೇಳಬಲ್ಲೆ. ಬ್ರೈಸ್ ಎಣಿಸಿದ. ಸಾರ್ಜೆಂಟ್ ಹಿಲ್‌ನ ಹುಡುಗರೆಲ್ಲ, ಯಾರೋ ಚೀಟಿ ಬರೆದು ಕೊಟ್ಟ ಹಾಗೆ, ನಮ್ಮ ಎಡಕ್ಕೇ ನುಗ್ಗಿದರು. ಅಷ್ಟರಲ್ಲಿ ನಮ್ಮ ಬ್ರೈಸ್, ಆ ಮುಠ್ಠಾಳ, ಚೆಂಡು ಹಿಡಿದು ಬಲಕ್ಕೆ ತಿರುಗಿದ!

"ಎಡಕ್ಕೋ! ಎಡಕ್ಕೋ ಗೂಬೆ!" ಅಂತ ಟೋಪಿ ಕಿತ್ತು ನೆಲಕ್ಕೆ ಬಡಿದೆ. ಬಲಗಡೆ ಒಂದು ನರಪಿಳ್ಳೆಯೂ ಇರಲಿಲ್ಲ. ಬ್ರೈಸ್ ಸಂತೆಯಿಂದ ಮನೆಗೆ ಹೋಗುವವನ ಹಾಗೆ ನಡೆದುಕೊಂಡು ಗೆರೆ ದಾಟಿದ.

ಊರಿಗೆ ಊರೇ ಮೈದಾನಕ್ಕೆ ಇಳಿಯಿತು. ಶಾಲೆಯ ಪ್ರಿನ್ಸಿಪಾಲ್ ಟಾಲಫ್ಸನ್, ಮದುವೆಯ ದಿನವೂ ನಗದಿದ್ದ ಮನುಷ್ಯ, ಡೋಲು ಬಾರಿಸಿದರು. ಆ ಗದ್ದಲದಲ್ಲಿ ಸಾರ್ಜೆಂಟ್ ಹಿಲ್‌ನ ಕೋಚ್ ಗಸ್ ರಾಡ್ಕಿ ಬಂದು ನನ್ನ ಕೈ ಹಿಡಿದುಕೊಂಡ.

"ಏನು ನಟನೆ ಮಾರಾಯ! ನೀನು ಇಂಥವನು ಅಂತ ನಂಗೊತ್ತೇ ಇರ್ಲಿಲ್ಲ."

"ನಟನೆನಾ?"

"ಹತ್ತು ವರ್ಷದಿಂದ ನಮ್ಮ ಹುಡುಗ್ರಿಗೆ ಒಂದೇ ಪಾಠ ಹೇಳ್ಕೊಟ್ಟಿದೀನಿ. ಚೆಂಡು ನೋಡ್ಬೇಡಿ, ಲೀಲ್ಯಾಂಡ್ ನೋಡಿ. ಅವನು ಯಾವ ಕಡೆ ವಾಲ್ತಾನೋ ಚೆಂಡು ಆ ಕಡೆ ಬರತ್ತೆ ಅಂತ. ಇವತ್ತು ನೀನು ಎಡಕ್ಕೆ ಎಷ್ಟು ವಾಲಿದ್ದೆ ಅಂದ್ರೆ, ಬಿದ್ದೇಬಿಡ್ತೀಯ ಅಂದ್ಕೊಂಡೆ!"

ನಾನು ಆರ್ಡಿಸ್‌ಳನ್ನು ಹುಡುಕಿಕೊಂಡು ಹೋದೆ. ಅವಳು ಬೆಂಚಿನ ಮೇಲೆ ಕೂತು ಶೂ ಲಾಡಿ ಕಟ್ಟಿಕೊಳ್ಳುತ್ತಿದ್ದಳು.

"ನಂಗೆ ಸುಳ್ಳು ಹೇಳ್ದೆಯಲ್ಲೇ!"

ಅವಳು ಒಂದು ಕಾಗದ ಚಾಚಿದಳು. ಆಟದ ನಕ್ಷೆ. ಮೈದಾನದೊಳಗೆ ಎಂಟು ಸೊನ್ನೆ, ಎಂಟು ಬಾಣ. ಮೈದಾನದ ಹೊರಗೆ ಇನ್ನೊಂದು ಸೊನ್ನೆ, ಉಳಿದವಕ್ಕಿಂತ ಸ್ವಲ್ಪ ದಪ್ಪ, ಬಾಣ ಎಡಕ್ಕೆ. ಪಕ್ಕದಲ್ಲಿ ಅವಳ ಮುದ್ದು ಅಕ್ಷರ: "ಲೀಲ್ಯಾಂಡ್. ಮೂರನೇ ಎಣಿಕೆಗೆ ವಾಲುತ್ತಾನೆ."

"ಎರಡನೇದಕ್ಕೇ ವಾಲ್ಬಿಟ್ಟೆ ನೀನು. ಪರ್ವಾಗಿಲ್ಲ, ಮೊದಲ್ನೇ ಸಲ ಅಲ್ವಾ" ಅಂದಳು.

ಸಿಟ್ಟು ಮಾಡಬೇಕೆಂದುಕೊಂಡೆ. ಬರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿ ನನ್ನಿಂದ ತಂಡಕ್ಕೊಂದು ಉಪಕಾರವಾಗಿತ್ತು, ಅದೂ ನನಗೆ ಗೊತ್ತಿಲ್ಲದೆ. ನಾನು ಆ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡೆ.

ನಾಲ್ಕು ಗೆದ್ದದ್ದರಿಂದ ನಮಗೆ ಮುಂದಿನ ಸುತ್ತಿನ ಪಂದ್ಯವೂ ಸಿಕ್ಕಿತು. ಈ ಸಲವಾದರೂ ಕೊಟ್ಟ ಪಾತ್ರವನ್ನು ತಿಳಿದೇ ಚೆನ್ನಾಗಿ ಮಾಡೋಣ ಅಂತ ಬುಧವಾರ ಸಂಜೆ ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ಎಡಕ್ಕೆ ವಾಲಿದೆ, ಬಲಕ್ಕೆ ವಾಲಿದೆ, ಹುಬ್ಬು ಹಾರಿಸಿದೆ, ಕಣ್ಣು ಮಿಟುಕಿಸಿದೆ. ಬಾಗಿಲಲ್ಲಿ ಟವೆಲು ಹಿಡಿದು ಆರ್ಡಿಸ್ ನಿಂತಿದ್ದಳು.

"ದಯವಿಟ್ಟು ಅಭ್ಯಾಸ ಮಾಡ್ಬೇಡ ಮಾರಾಯ" ಅಂದಳು. "ಇದ್ದದ್ದು ಹಾಳಾಗತ್ತೆ."