ತೋಟಕ್ಕೆ ಬಂದ ಮಾದಪ್ಪ

ನಮ್ಮ ಸೋದರಮಾವನಷ್ಟು ದೇವರಿಗೆ ಕಾಟ ಕೊಟ್ಟ ಭಕ್ತರು ಧನಗೆರೆಯಲ್ಲಿ ಇನ್ನೊಬ್ಬರಿಲ್ಲ! ದೇವರ ಮನೆಯಲ್ಲಿ ಬೆಚ್ಚಗಿದ್ದ ಮಾದಪ್ಪನ ಪಟವನ್ನು ಒಂದು ಸೋಮವಾರ ಅವರು ಹಿತ್ತಲಿನ ತೋಟಕ್ಕೆ ಹೊತ್ತೊಯ್ದು, ಸೀಬೆ ಮರದ ಬುಡದಲ್ಲಿ ಸ್ಟೂಲಿನ ಮೇಲೆ ಕೂರಿಸಿಯೇಬಿಟ್ಟರು.

"ಇದೇನ್ ಮಾವ, ದೇವ್ರುನ್ನೇ ಮನೆಯಿಂದಾಚ್ಗೆ ಆಕ್ಬುಟ್ರಲ್ಲ!" ಎಂದೆ.

"ಬೆಟ್ಟದ್ ಮ್ಯಾಲೆ ಗಾಳೀಲಿರೋ ದೇವ್ರು ಕಣ್ಲಾ. ಕಿಟಕಿ ಇಲ್ದಿರೋ ರೂಮಲ್ಲಿ ಅವನ್ಗೆ ಸೆಕೆ ಆಗಕಿಲ್ವಾ?"

ದೇವರಿಗೆ ಸೆಕೆಯಾಗುತ್ತದೆಂದು ಇವರಿಗೆ ಹೇಳಿದವರು ಯಾರು?

ಮೊದಲ ದಿನವೇ ಗಾಳಿ ದೀಪವನ್ನು ಆರಿಸಿತು. ಹಚ್ಚಿದರೆ ಮತ್ತೆ ಆರಿಸಿತು. ಒಂದು ಬೆಂಕಿಪೊಟ್ಟಣ ಖಾಲಿ ಮಾಡಿದ ಮಾವ ಕೊನೆಗೆ ದೀಪಕ್ಕೆ ಛತ್ರಿ ಅಡ್ಡ ಹಿಡಿದು ಕುಳಿತರು. ಬೇಲಿಯಾಚೆ ಹೋಗುತ್ತಿದ್ದವರು ಪೂಜೆ ದೇವರಿಗೋ ಛತ್ರಿಗೋ ತಿಳಿಯದೆ, ಎರಡಕ್ಕೂ ಕೈ ಮುಗಿದರು!

ಮುಂದಿನ ಸೋಮವಾರ ಮಾವ ಕಣ್ಣು ಮುಚ್ಚಿ ಮಂಗಳಾರತಿ ಎತ್ತುತ್ತಿದ್ದಾಗ ಅಳಿಲೊಂದು ಮರದಿಂದಿಳಿದು ಎಡೆಯ ಬಾಳೆಹಣ್ಣನ್ನು ತಿನ್ನತೊಡಗಿತು. ನಾನು ಓಡಿಸಲು ಎದ್ದೆ. ಮಾವ ಕಣ್ಣು ಬಿಟ್ಟು ನನ್ನ ಕೈ ಹಿಡಿದೆಳೆದರು. "ಸುಮ್ಕಿರ್ಲಾ! ಮೂವತ್ತು ವರ್ಸದಿಂದ ಎಡೆ ಇಕ್ತಾವ್ನಿ, ಯಾರಾರಾ ತಿಂದದ್ದು ಇವತ್ತೇಯಾ!"

ಸುಳ್ಳೇಕೆ, ಪ್ರತಿ ಸೋಮವಾರ ಭಜನೆಗೆ ಬರುವ ನಮಗೂ ಹಾಯೆನಿಸಿತ್ತು. ಆ ಪುಟ್ಟ ಕೋಣೆಯಲ್ಲಿ ಒಬ್ಬರ ಮಂಡಿ ಇನ್ನೊಬ್ಬರ ಬೆನ್ನಿಗೆ ಚುಚ್ಚುತ್ತಿತ್ತು. ಈಗ ಕಾಲು ಚಾಚಿ, ಚೆಂಡು ಹೂವಿನ ವಾಸನೆ ಕುಡಿಯುತ್ತಾ, ಶ್ರುತಿ ತಪ್ಪಿದರೂ ಧಾರಾಳವಾಗಿ ಹಾಡಬಹುದು! ಗೋಡೆಗೆ ಬಡಿದು ನಮ್ಮ ಕಿವಿಗೇ ವಾಪಸು ಬರುವುದಿಲ್ಲವಲ್ಲ.

ಮೂರನೆಯ ಸೋಮವಾರ ಸಂಜೆ ಅತ್ತೆ ತೋಟಕ್ಕೆ ಬಂದರು. ಒಂದು ಕಾಲಕ್ಕೆ ಭಜನೆಯ ಮುಖ್ಯ ದನಿಯೇ ಅವರದು. ಉಬ್ಬಸ ಶುರುವಾದ ಮೇಲೆ ದೇವರ ಮನೆಯ ಸಾಂಬ್ರಾಣಿ ಹೊಗೆ ತಡೆಯಲಾರದೆ, ಎರಡು ವರ್ಷದಿಂದ ಸೋಮವಾರಗಳಂದು ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಕೂರುತ್ತಿದ್ದರು. ಧೂಪ ಬಿಟ್ಟುಬಿಡೋಣವೆಂದು ಮಾವ ಹೇಳಿದಾಗ, "ನನ್ನಿಂದ ದೇವ್ರುಗೆ ಧೂಪ ತಪ್ಪೋದು ಬ್ಯಾಡ" ಎಂದು ಹಟ ಹಿಡಿದಿದ್ದವರೂ ಅವರೇ.

ಮಾವ ಧೂಪದ ಹೊಗೆ ಯಾವ ಕಡೆ ಹೋಗುತ್ತಿದೆಯೆಂದು ನೋಡಿದರು. ಅದರ ಎದುರು ದಿಕ್ಕಿನಲ್ಲಿ ಕುರ್ಚಿ ಹಾಕಿದರು. ಅತ್ತೆ ಕುಳಿತು, ಗಂಟಲು ಸರಿಮಾಡಿಕೊಂಡು, ಮಾದಪ್ಪನ ಮೇಲಿನ ಒಂದು ಪದ ಎತ್ತಿಕೊಂಡರು. ಎಲ್ಲಿ ಕೆಮ್ಮು ಬರುವುದೋ ಎಂದು ನಾವೆಲ್ಲ ಉಸಿರು ಬಿಗಿಹಿಡಿದಿದ್ದೆವು. ಬರಲಿಲ್ಲ. ಕೊನೆಯ ಸಾಲಿನವರೆಗೂ ಬರಲಿಲ್ಲ.

ನೋಡಿದರೆ ಮಾವನ ಕೈಯ ತಾಳ ಯಾವಾಗಲೋ ನಿಂತುಹೋಗಿತ್ತು.

"ಸಾಕಾ?" ಎಂದರು ಅತ್ತೆ.

"ಇನ್ನೊಂದು ಪದ ಏಳಮ್ಮಿ," ಎಂದರು ಮಾವ.