ಮೇಷ್ಟ್ರು ಹಾಸಿದ ಕಲ್ಲು

ಹೆಂಡತಿ: ಇದನ್ನ ನೆಲ ಅಂತಾರೇನ್ರೀ? ಈ ಕಡೆ ಕಾಲಿಟ್ಟರೆ ಆ ಕಡೆ ಏಳುತ್ತೆ!

ಗಂಡ: ನೀನು ಹಾಗೆ ದಬದಬ ತುಳಿದ್ರೆ ಇನ್ನೇನಾಗುತ್ತೆ? ಹೊಸ ಕಲ್ಲು ಕಣೇ. ಕೂತ್ಕೊಳ್ಳೋಕೆ ಸ್ವಲ್ಪ ಟೈಮ್ ಕೊಡು.

ಹೆಂಡತಿ: ಕೂತ್ಕೊಳ್ಳಿ, ನೀರು ಕುಡೀತೀರಾ ಅಂತ ಕೇಳೋಕೆ ಅದೇನು ಮನೆಗೆ ಬಂದ ನೆಂಟರೇ?

ಆಕೆ ಇನ್ನೊಂದು ಹೆಜ್ಜೆ ಇಟ್ಟಳು. ಕಲ್ಲಿನ ಸಂದಿಯಿಂದ ಕೆಸರು ಪಿಚಕ್ಕನೆ ಹಾರಿ, ಕುಕ್ಕರುಗಾಲಲ್ಲಿ ಕೂತಿದ್ದ ಗಂಡನ ಕನ್ನಡಕದ ಮೇಲೆ ಬಿತ್ತು.

ಮನೆಯ ಹಿತ್ತಲು. ಅಡುಗೆಮನೆ ಬಾಗಿಲಿಂದ ಕಾಂಪೌಂಡ್ ಗೋಡೆವರೆಗೆ ಹನ್ನೆರಡು ಹೆಜ್ಜೆ. ಮೊನ್ನೆವರೆಗೆ ಬರೀ ಮಣ್ಣು. ಗಂಡ ಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ಶುಕ್ರವಾರ ರಜೆ ಹಾಕಿ, ಮೊಬೈಲಿನಲ್ಲಿ ಏಳು ನಿಮಿಷದ ಒಂದು ವಿಡಿಯೋ ನೋಡಿ, ಅಗೆಯದೆ ಕುಟ್ಟದೆ ಆ ಮಣ್ಣಿನ ಮೇಲೆ ತೊಂಬತ್ತಾರು ಹಾಸುಗಲ್ಲುಗಳನ್ನು ಇಸ್ಪೀಟೆಲೆ ಹರವಿದ ಹಾಗೆ ಹರವಿಬಿಟ್ಟಿದ್ದರು. ಕಾರಣ ಇತ್ತು. ಹೆಂಡತಿಯ ತಾಯಿ ಆರು ವಾರದ ಹಿಂದೆ ಇದೇ ಹಿತ್ತಲಲ್ಲಿ ಬಿದ್ದು ಕಾಲು ಮುರಿದುಕೊಂಡಿದ್ದರು. ಇವತ್ತು, ಭಾನುವಾರ ಸಂಜೆ, ಆಸ್ಪತ್ರೆಯಿಂದ ಬರುವವರಿದ್ದರು. ದಿನಕ್ಕೆರಡು ಸಲ ವಾಕರ್ ಹಿಡಿಸಿ ಸಮನಾದ ನೆಲದ ಮೇಲೆ ನಡೆಸಿ ಎಂದು ಡಾಕ್ಟರು ಹೇಳಿದ್ದರು.

ಹೆಂಡತಿ: ಮೇಸ್ತ್ರೀನ ಕರೆಸಿ, ಮೇಸ್ತ್ರೀನ ಕರೆಸಿ ಅಂತ ಬಡ್ಕೊಂಡೆ.

ಗಂಡ: ಮಣ್ಣಿನ ವಿಷಯ ನನಗೆ ಇನ್ನೊಬ್ಬರು ಹೇಳಿಕೊಡಬೇಕಾ? ಹದಿನೆಂಟು ವರ್ಷ ಮಣ್ಣಿನ ವಿಧಗಳ ಪಾಠ ಮಾಡಿದ್ದೀನಿ.

ಹೆಂಡತಿ: ಪಾಠ ಕೇಳಿದ ಮಕ್ಕಳು ಪಾಸಾದ್ರು. ಮಣ್ಣು ಅವತ್ತು ಆಬ್ಸೆಂಟು.

ಗಂಡ: ಮೇಷ್ಟ್ರಿಗೂ ಮೇಸ್ತ್ರಿಗೂ ಏನಂಥಾ ವ್ಯತ್ಯಾಸ? ಒಂದಕ್ಷರದ್ದು.

ಹೆಂಡತಿ: ಆ ಒಂದಕ್ಷರದ ಮೇಲೆ ನಮ್ಮಮ್ಮ ವಾಕರ್ ಊರಬೇಕು ಕಣ್ರೀ!

ಎದುರುಮನೆಗೆ ಗಾರೆ ಕೆಲಸಕ್ಕೆ ಬಂದಿದ್ದ ಮೇಸ್ತ್ರಿಯನ್ನು ಆಕೆ ಆಗಲೇ ಕೈಬೀಸಿ ಕರೆದಾಗಿತ್ತು. ಮೇಸ್ತ್ರಿ ಬಂದವನೇ ಕೈಲಿದ್ದ ಹಾರೆಯನ್ನು ಗೋಡೆಗೆ ಒರಗಿಸಿ, ಮಾತಾಡದೆ ಕಲ್ಲುಗಳ ಮೇಲೆ ನಡೆದ. ಟಕ್. ಟೊಕ್. ಡುಬುಕ್. ಕೊನೆಯದಕ್ಕೆ ಎರಡೂ ಕೈ ಅಗಲಿಸಿ ತಕ್ಕಡಿಯ ಹಾಗೆ ನಿಂತ.

ಮೇಸ್ತ್ರಿ: ಇದನ್ನ ಹಾಕಿದೋನ ನಂಬರ್ ಇದ್ಯಾ ಸಾರ್?

ಗಂಡ: (ಉಬ್ಬಿ) ಯಾಕೆ, ಅವನ ಹತ್ರ ಕೆಲಸ ಇದೆಯಾ?

ಮೇಸ್ತ್ರಿ: ಫೋನ್ ಮಾಡಿ ಬೈಯೋಣ ಅಂತ.

ಹೆಂಡತಿ: ಫೋನ್ ಯಾಕೆ ಮೇಸ್ತ್ರಿ? ನೇರವಾಗೇ ಬೈಯಿರಿ. ಮುಂದೇನೇ ನಿಂತಿದ್ದಾರೆ.

ಮೇಸ್ತ್ರಿ: ಅಯ್ಯೋ, ಸಾರೇನಾ? (ತಲೆ ಕೆರೆದುಕೊಂಡು) ಕಲ್ಲಿನ ಬಣ್ಣ ತುಂಬಾ ಚೆನ್ನಾಗಿದೆ ಸಾರ್.

ಗಂಡ: ಬಣ್ಣ ಬಿಡಿ. ಕೆಲಸ ಹೇಗಿದೆ?

ಮೇಸ್ತ್ರಿ: ಅದಕ್ಕೇ ಬಣ್ಣದ ವಿಷಯ ಎತ್ತಿದ್ದು. ಕಲ್ಲು ಇಡೋ ಮುಂಚೆ ದಿಮ್ಮಸ್ಸು ಮಾಡಿದ್ರಾ?

ಗಂಡ: ಡಿಸ್ಮಿಸ್ಸಾ? ಯಾರನ್ನ?

ಹೆಂಡತಿ: ಈಗ ಮಾಡ್ತೀವಿ, ನಿಮ್ಮನ್ನ.

ಮೇಸ್ತ್ರಿ: ದಿಮ್ಮಸ್ಸು ಸಾರ್, ಮಣ್ಣು ಕುಟ್ಟೋದು. ಕುಟ್ಟದೇ ಇದ್ರೆ ಕಲ್ಲು ಒಂದೊಂದೂ ಒಂದೊಂದು ಕಡೆ ಮುಖ ತಿರುಗಿಸುತ್ತೆ, ಜಗಳವಾಡಿದ ಅಣ್ಣ-ತಮ್ಮಂದಿರ ಥರ. ಹೋಗ್ಲಿ, ವಾಟ ಎಲ್ಲಿದೆ?

ಗಂಡ: ಯಾವ ಆಟ?

ಮೇಸ್ತ್ರಿ: ಆಟ ಅಲ್ಲ ಸಾರ್, ವಾಟ. ನೀರು ಹರಿಯೋಕೆ ಇಳಿಜಾರು.

ಗಂಡ: ಆಹಾ, ಅಲ್ಲೇ ನೀವು ಸೋತ್ರಿ! ಒಂದು ಕೂದಲೆಳೆಯಷ್ಟೂ ಇಳಿಜಾರಿಲ್ಲದ ಹಾಗೆ ಸಮ ಮಾಡಿದ್ದೀನಿ. ರಸಮಟ್ಟ ಇಟ್ಟು ನೋಡಿ ಬೇಕಾದ್ರೆ.

ಮೇಸ್ತ್ರಿ ರಸಮಟ್ಟ ಇಡಲಿಲ್ಲ. ತೊಟ್ಟಿಯಿಂದ ಒಂದು ಚೊಂಬು ನೀರು ತಂದು ಹಿತ್ತಲ ನಡುವೆ ಸುರಿದ. ನೀರು ಒಂದು ಗಳಿಗೆ ಯೋಚನೆ ಮಾಡಿತು. ಆಮೇಲೆ ದಾರಿ ಗೊತ್ತಿರುವವರ ಹಾಗೆ ಹೊರಟು, ಹೊಸ್ತಿಲ ಕೆಳಗೆ ನುಸುಳಿ ಅಡುಗೆಮನೆಗೆ ಹೋಯಿತು.

ಹೆಂಡತಿ: ಮಳೆಗಾಲದಲ್ಲಿ ಇನ್ನು ನಲ್ಲಿ ತಿರುಗಿಸೋ ಕೆಲಸವೇ ಇಲ್ಲ.

ಮೇಸ್ತ್ರಿ: ಎಲ್ಲಾ ಕೀಳಬೇಕಮ್ಮ. ಒಂದು ಗೇಣು ಅಗೆದು, ಮೆತ್ತನೆ ಮಣ್ಣೆಲ್ಲ ತೆಗೆದು, ಜಲ್ಲಿ ಹಾಕಿ ಕುಟ್ಟಬೇಕು. ಮೇಲೆ ಎರಡು ಬೆರಳು ಮರಳು. ಕಲ್ಲು ಕೊನೇಗೆ.

ಗಂಡ: ರೀ ಮೇಸ್ತ್ರಿ, ಕಾಣೋದು ಕಲ್ಲು ಮಾತ್ರ. ಕೆಳಗಿರೋದನ್ನ ಯಾರ್ರೀ ನೋಡ್ತಾರೆ?

ಮೇಸ್ತ್ರಿ: ಕಾಲು ನೋಡುತ್ತೆ ಸಾರ್.

ಮೇಷ್ಟ್ರಿಗೆ ಆ ಮಾತು ನಾಟಿತು. ಕನ್ನಡಕ ತೆಗೆದು ಒರೆಸಿದರು. ಕೈಯಲ್ಲಿದ್ದ ಕೆಸರೂ ಸೇರಿ ಅದು ಇನ್ನಷ್ಟು ಮಬ್ಬಾಯಿತು.

ಗಂಡ: ಸರಿ, ಕೀಳ್ತೀನಿ. ಆದರೆ ನಾನೇ ಕೀಳ್ತೀನಿ, ನಾನೇ ಅಗೀತೀನಿ. ನೀವು ಹೋಗಿ.

ಹೆಂಡತಿ: ಇದೆಂಥಾ ಹಟ? ಗುದ್ದಲಿಯ ಯಾವ ತುದಿ ಹಿಡೀಬೇಕು ಅಂತ ಗೊತ್ತಾ ನಿಮಗೆ?

ಗಂಡ: ಗೊತ್ತಿಲ್ಲ! ಆದರೂ ನಾನೇ ಮಾಡಬೇಕು. ಯಾಕಂದ್ರೆ... ಅತ್ತೆ ಬಿದ್ದದ್ದು ನನ್ನಿಂದ.

ಹೆಂಡತಿ: ಏನಂದ್ರಿ?

ಗಂಡ: ಅವತ್ತು ಗಿಡಕ್ಕೆ ಪೈಪ್ ಬಿಟ್ಟು ನಲ್ಲಿ ನಿಲ್ಲಿಸೋದು ಮರೆತೆ. ಹಿತ್ತಲೆಲ್ಲ ಕೊಚ್ಚೆ. ಶಾಲೆಯಿಂದ ಬಂದು ನೋಡ್ತೀನಿ, ಅತ್ತೆ ಕೆಸರಲ್ಲಿ ಬಿದ್ದಿದ್ದಾರೆ. ಮೊದಲು ನಲ್ಲಿ ನಿಲ್ಲಿಸಿದೆ. ಆಮೇಲೆ ಕೂಗ್ಕೊಂಡೆ.

ಮೇಸ್ತ್ರಿ ಖಾಲಿ ಚೊಂಬನ್ನು ಮೆಲ್ಲಗೆ ತೊಟ್ಟಿಯ ಪಕ್ಕ ಇಟ್ಟ.

ಹೆಂಡತಿ: ಆರು ವಾರ ಬಾಯಿ ಬಿಡಲಿಲ್ಲ ನೀವು. ದಿನಾ ಸಂಜೆ ಆಸ್ಪತ್ರೆಗೆ ಓಡ್ತಿದ್ರಲ್ಲ, ನಾನು ಅದನ್ನ ಪ್ರೀತಿ ಅಂದ್ಕೊಂಡಿದ್ದೆ.

ಗಂಡ: ಮೊದಲನೇ ವಾರ ಭಯ. ಎರಡನೇ ವಾರ ಅಭ್ಯಾಸ ಆಯ್ತು. ಆಮೇಲೆ ನಿಜವಾಗ್ಲೂ ಪ್ರೀತಿನೇ ಕಣೇ. ನಿಮ್ಮಮ್ಮ ಆ ವಾರ್ಡಲ್ಲಿ ಎಲ್ಲರ ಮೇಲೂ ಏನೇನು ಜೋಕ್ ಹೇಳ್ತಾರೆ ಗೊತ್ತಾ!

ಮೇಸ್ತ್ರಿ: ಮನೆ ವಿಷಯ... ನಾನು ಬರ್ಲಾ ಅಮ್ಮ?

ಇಬ್ಬರೂ: ನಿಂತ್ಕೊಳ್ಳಿ!

ಅಷ್ಟರಲ್ಲಿ ಹೊರಗೆ ಹಾರ್ನ್ ಕೇಳಿಸಿತು. ಸಂಜೆ ಬರಬೇಕಾದ ಆಸ್ಪತ್ರೆಯ ಗಾಡಿ ಮಧ್ಯಾಹ್ನಕ್ಕೇ ಬಂದಿತ್ತು. ವಾರ್ಡಿನವರು ಮಂಚ ಬೇಗ ಖಾಲಿ ಮಾಡಿಸಿದ್ದರು. ಹೆಂಡತಿ ಓಡಿ ಹೋಗಿ ಬಾಗಿಲು ತೆಗೆದು ಸಾಮಾನು ಇಳಿಸಿಕೊಳ್ಳುವಷ್ಟರಲ್ಲಿ ಅತ್ತೆ ವಾಕರ್ ಹಿಡಿದು ನಡುಮನೆ ದಾಟಿ, ಅಡುಗೆಮನೆಯ ನೀರು ದಾಟಿ, ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದರು.

ಅತ್ತೆ: ಎಲ್ಲಿ ನನ್ನ ರಸ್ತೆ? ಅಳಿಯಂದ್ರು ಏನೋ ಕಟ್ಟಿಸಿದ್ದಾರಂತೆ, ನರ್ಸು ಹೇಳಿದ್ಲು.

ಗಂಡ: ಅತ್ತೆ, ಅಲ್ಲೇ ನಿಲ್ಲಿ! ಕಾಲಿಡಬೇಡಿ!

ಅತ್ತೆ ಕಾಲಿಡಲಿಲ್ಲ. ವಾಕರಿನ ಒಂದು ಕೋಲಿನಿಂದ ಮೊದಲ ಕಲ್ಲನ್ನು ಒತ್ತಿದರು. ಕಲ್ಲು ಅವರಿಗೆ ನಮಸ್ಕಾರ ಮಾಡಿತು.

ಅತ್ತೆ: ಇದೇನು ಅಳಿಯಂದ್ರೇ, ನಡೆಯೋಕಾ, ತೂಗಿಕೊಳ್ಳೋಕಾ? ಇನ್ನೊಂದು ಕಾಲು ನೆಟ್ಟಗಿದೆ ಅಂತ ಹೊಟ್ಟೆಕಿಚ್ಚಾ?

ಹೆಂಡತಿ: ಅಮ್ಮ, ಮೊದಲನೇ ಕಾಲೂ ಇವರದ್ದೇ ಕೆಲಸವಂತೆ. ಕೇಳು.

ಮೇಷ್ಟ್ರು ತಲೆ ತಗ್ಗಿಸಿ ನಲ್ಲಿ, ಪೈಪು, ಕೊಚ್ಚೆ ಎಲ್ಲವನ್ನೂ ಒಪ್ಪಿಸಿದರು. ಅತ್ತೆ ಪೂರ್ತಿ ಕೇಳಿ, ವಾಕರಿನ ಮೇಲೆ ವಾಲಿ, ಬಿದ್ದು ಬಿದ್ದು ನಗೋದೊಂದು ಬಾಕಿ ಅನ್ನುವ ಹಾಗೆ ನಕ್ಕರು.

ಅತ್ತೆ: ಕೆಸರಲ್ಲಿ ಜಾರಿದೆ ಅಂತ ನಾನು ಯಾವತ್ತು ಹೇಳಿದೆ?

ಹೆಂಡತಿ: ನೀನೇ ಹೇಳಿದ್ಯಲ್ಲಮ್ಮ!

ಅತ್ತೆ: ನಾನು ಬಿದ್ದೆ ಅಂದೆ. ‘ಕೆಸರಲ್ಲಿ ಜಾರಿದ್ರಾ’ ಅಂತ ಅಳಿಯಂದ್ರು ಕೇಳಿದ್ರು. ನಾನು ನರಳಿದೆ. ಅವರು ಅದನ್ನ ‘ಹೂಂ’ ಅಂದ್ಕೊಂಡ್ರು.

ಗಂಡ: ಮತ್ತೆ ಹೇಗೆ ಬಿದ್ರಿ ಅತ್ತೆ?

ಅತ್ತೆ: (ಧ್ವನಿ ತಗ್ಗಿಸಿ) ಪಕ್ಕದ ಮನೆಯಲ್ಲಿ ಗಂಡ-ಹೆಂಡತಿ ಜಗಳ ನಡೀತಿತ್ತು. ಬಕೆಟ್ ಬೋರಲು ಹಾಕಿ ಹತ್ತಿದೆ.

ಹೆಂಡತಿ: ಅಮ್ಮಾ! ಎಪ್ಪತ್ತೊಂದು ವರ್ಷಕ್ಕೆ ಗೋಡೆ ಹತ್ತಿದ್ಯಾ?

ಅತ್ತೆ: ಗೋಡೆ ಅಲ್ಲ, ಬಕೆಟ್ಟು. ಅವಳು ‘ಹೋಗಿ ನಿಮ್ಮಕ್ಕನ ಮನೇಲೇ ಬಿದ್ದಿರಿ’ ಅಂದ್ಲು. ಅವನು ಅದಕ್ಕೆ ಏನೋ ಒಂದು ಮಾತು ಹೇಳಿದ ನೋಡು, ಸರಿಯಾಗಿ ಕೇಳಿಸಲಿಲ್ಲ. ಮುಂದೆ ಬಗ್ಗಿದೆ. ಬಕೆಟ್ಟು ಹಿಂದೆ ಹೋಯ್ತು. ಅವನು ಏನಂದ ಅನ್ನೋದು ಇವತ್ತಿಗೂ ಗೊತ್ತಾಗಿಲ್ಲ, ಅದೊಂದೇ ಕೊರಗು. ಕಾಲಿಂದೇನು, ಕೂಡ್ಕೊಳ್ಳುತ್ತೆ.

ಗಂಡ: ಆರು ವಾರ ನಾನು ನಿದ್ದೆ ಬಿಟ್ಟಿದ್ದೀನಿ ಅತ್ತೆ! ಯಾಕೆ ಹೇಳಲಿಲ್ಲ?

ಅತ್ತೆ: ನಿಮ್ಮ ಮುಖ ನೋಡಿದಾಗಲೇ ಏನೋ ಪಾಪ ಮಾಡಿದ್ದಾರೆ ಅನ್ನಿಸ್ತಿತ್ತು. ಕೇಳೋದು ಮರ್ಯಾದೆ ಅಲ್ಲ ಅಂತ ಸುಮ್ನಿದ್ದೆ. ಅಲ್ಲದೆ ದಿನಾ ಪೇಪರ್ ಓದಿ ಹೇಳ್ತಿದ್ರಿ, ಕಿತ್ತಳೆ ಸುಲಿದು ಬೀಜ ತೆಗೆದು ಕೊಡ್ತಿದ್ರಿ. ಪಾಪ ತೀರಿಹೋದ್ರೆ ಕಿತ್ತಳೆ ನಿಂತುಹೋಗುತ್ತಲ್ಲ.

ಮೇಷ್ಟ್ರು ಗೋಡೆಗೆ ಒರಗಿಸಿದ್ದ ಮೇಸ್ತ್ರಿಯ ಹಾರೆ ಎತ್ತಿಕೊಂಡು ಮೊದಲನೇ ಕಲ್ಲಿಗೆ ಹಾಕಿ ಎಬ್ಬಿಸಿದರು. ಎರಡನೆಯದನ್ನೂ ಎಬ್ಬಿಸಿದರು. ಸಿಟ್ಟಿಗೋ, ಆರು ವಾರದ ಭಾರ ಇಳಿದ ಖುಷಿಗೋ, ತೊಂಬತ್ತಾರು ಕಲ್ಲು ಕತ್ತಲಾಗುವ ಮೊದಲೇ ಮೂಲೆ ಸೇರಿದವು.

ಮುಂದಿನ ಹತ್ತು ದಿನ ಶಾಲೆ ಮುಗಿಸಿ ಬಂದು ಮೇಷ್ಟ್ರು ಅಗೆದರು. ಮೇಸ್ತ್ರಿ ದಾರ ಕಟ್ಟಿ, ಜಲ್ಲಿ ಹರವಿ, ಕುಟ್ಟುವ ಕೆಲಸವನ್ನು ಅವರಿಗೇ ಬಿಟ್ಟ. ಅತ್ತೆ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತರು.

ಅತ್ತೆ: ಅಳಿಯಂದ್ರೇ, ಮಣ್ಣು ಕುಟ್ತಿದ್ದೀರೋ, ಸಮಾಧಾನ ಹೇಳ್ತಿದ್ದೀರೋ?

ಗಂಡ: ಕೈ ಎತ್ತೋಕಾಗ್ತಿಲ್ಲ ಅತ್ತೆ.

ಅತ್ತೆ: ಪಾಠ ಓದದೇ ಇರೋ ಮಕ್ಕಳು ಅಂದ್ಕೊಂಡು ಹೊಡೀರಿ.

ಮೇಸ್ತ್ರಿ: ಆ ಮೂಲೆ ಇನ್ನೂ ಮೆತ್ತಗಿದೆ ಸಾರ್.

ಹೆಂಡತಿ: ಮೂಲೆ ಅಲ್ಲ ಮೇಸ್ತ್ರಿ, ಅದು ಅವರ ಕಾಲು.

ಹನ್ನೊಂದನೇ ದಿನ ಕೊನೆಯ ಕಲ್ಲು ಕೂತಿತು. ಸುರಿದ ನೀರು ಮನೆಗೆ ಬೆನ್ನು ಹಾಕಿ ಚರಂಡಿಯ ಕಡೆ ಹೊರಟಿತು. ಅಷ್ಟರಲ್ಲಿ ಅತ್ತೆ ಸೋಫಾದ ಸುತ್ತಲೇ ಸುತ್ತಿ ಸುತ್ತಿ ಗಟ್ಟಿಯಾಗಿದ್ದರು. ಇನ್ನು ವಾಕರ್ ಬೇಡ, ಕೋಲು ಸಾಕು ಎಂದು ಡಾಕ್ಟರು ಅವತ್ತು ಬೆಳಿಗ್ಗೆಯಷ್ಟೇ ಹೇಳಿದ್ದರು. ಕೋಲೂರಿಕೊಂಡು ಅವರು ಹೊಸ್ತಿಲಿಳಿದರು. ಹನ್ನೆರಡು ಹೆಜ್ಜೆ ಹೋದರು, ಹನ್ನೆರಡು ಹೆಜ್ಜೆ ಬಂದರು. ಒಂದು ಕಲ್ಲೂ ಉಸಿರೆತ್ತಲಿಲ್ಲ. ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮೇಷ್ಟ್ರು ಮಾತ್ರ ಗೋಡೆ ಹಿಡಿದು, ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಬಗ್ಗಿ ನಿಂತಿದ್ದರು.

ಅತ್ತೆ: ಯಾಕೆ ಅಳಿಯಂದ್ರೇ, ಏನಾದ್ರೂ ಬಿದ್ದುಹೋಯ್ತಾ? ಏನು ಹುಡುಕ್ತಿದ್ದೀರಿ?

ಗಂಡ: ಏನೂ ಇಲ್ಲ ಅತ್ತೆ. ಬೆಳಿಗ್ಗೆ ಕೊನೇ ಕಲ್ಲು ಇಡೋಕೆ ಬಗ್ಗಿದೆ. ಸೊಂಟ ಅಲ್ಲೇ ನಿಂತುಹೋಗಿದೆ, ನೆಟ್ಟಗಾಗ್ತಿಲ್ಲ.

ಅತ್ತೆ ಒಳಗೆ ಹೋಗಿ, ಮೂಲೆಯಲ್ಲಿದ್ದ ವಾಕರನ್ನು ಒಂದೇ ಕೈಯಲ್ಲಿ ಎಳೆದು ತಂದು ಅಳಿಯನ ಮುಂದೆ ಇಟ್ಟರು.

ಅತ್ತೆ: ಹಿಡ್ಕೊಳ್ಳಿ. ಮೊದಲು ವಾಕರ್ ಮುಂದೆ, ಆಮೇಲೆ ಕಾಲು. ಅವಸರ ಬೇಡ, ನೆಲ ಎಲ್ಲೂ ಓಡಿಹೋಗಲ್ಲ.