ಬೆಲ್ಟು ನನ್ನನ್ನು ಬಿಡಲಿಲ್ಲ

ನಾನೊಬ್ಬ ಸುರಕ್ಷತಾ ಅಧಿಕಾರಿ. ಪುಣೆಯ ಮಗರಪಟ್ಟಾದ ಹತ್ತಿರ ಏಳುತ್ತಿರುವ ಕಟ್ಟಡವೊಂದರಲ್ಲಿ, ಎತ್ತರದಲ್ಲಿ ಕೆಲಸ ಮಾಡುವವರು ಕೆಳಗೆ ಬೀಳದಂತೆ ನೋಡಿಕೊಳ್ಳುವುದೇ ನನ್ನ ಉದ್ಯೋಗ. ನನ್ನ ಮಾತನ್ನು ಯಾರೂ ಕೇಳುವುದಿಲ್ಲ ಎಂಬುದೊಂದನ್ನು ಬಿಟ್ಟರೆ ಈ ಉದ್ಯೋಗದಲ್ಲಿ ಬೇರೆ ಯಾವ ಕೊರತೆಯೂ ಇಲ್ಲ!

ಸ್ಲ್ಯಾಬಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸದ ಮಲ್ಲಪ್ಪನನ್ನೇ ನೋಡಿ. ಯಾದಗಿರಿ ಕಡೆಯವನು. ನನ್ನನ್ನು ಕಂಡ ಕೂಡಲೇ ಸುರಕ್ಷತಾ ಬೆಲ್ಟಿನ ಕೊಕ್ಕೆಯನ್ನು ತೊಲೆಗೆ ಹಾಕುವ ಬದಲು ತನ್ನ ಸೊಂಟಕ್ಕೇ ಸಿಕ್ಕಿಸಿಕೊಂಡು ಸಲಾಮು ಹೊಡೆಯುತ್ತಾನೆ. ಬಿದ್ದರೆ ಅವನೂ ಬೆಲ್ಟೂ ಕೂಡಿಯೇ ಬೀಳಬೇಕು. ಅವನ ಹೆಂಡತಿ ಶಾಂತವ್ವ ಅದೇ ಸೈಟಿನಲ್ಲಿ ಇಟ್ಟಿಗೆ ಹೊರುತ್ತಾಳೆ. ಒಂದು ದಿನ ನನ್ನನ್ನು ತಡೆದು ನಿಲ್ಲಿಸಿದಳು.

“ಸಾಹೇಬ್ರ, ಅವ ಮ್ಯಾಲ ನಿಂತಾಗ ನನಗ ತಲಿ ಎತ್ತಿ ನೋಡಾಕ ಧೈರ್ಯ ಆಗಂಗಿಲ್ರಿ. ನೀವರ ಹೇಳ್ರಿ.”

“ನಾಳಿಂದ ಬೆಲ್ಟ್ ಸರಿಯಾಗಿ ಹಾಕ್ತಾನ. ನೀ ಚಿಂತಿ ಬಿಡವಾ,” ಎಂದು ಮಾತು ಕೊಟ್ಟುಬಿಟ್ಟೆ.

ಮರುದಿನ ನಮ್ಮ ಸುರಕ್ಷತಾ ಸಪ್ತಾಹದ ಉದ್ಘಾಟನೆ. ಭಾಷಣ ಸಾಕು, ಮಾಡಿಯೇ ತೋರಿಸುವುದು ಎಂದು ತೀರ್ಮಾನಿಸಿದೆ. ಎಲ್ಲರನ್ನೂ ಕೂಡಿಸಿ, ಬೆಲ್ಟು ತೊಟ್ಟು, ಕೊಕ್ಕೆಯನ್ನು ಮೇಲಿನ ತೊಲೆಗೆ ಭದ್ರವಾಗಿ ಹಾಕಿ, ಮೊದಲ ಮಹಡಿಯ ಅಂಚಿನಲ್ಲಿ ನಿಂತು ಘೋಷಿಸಿದೆ.

“ನೋಡ್ರಿ, ಈಗ ನಾ ಬೀಳ್ತೀನಿ. ಬೆಲ್ಟ್ ನನ್ನ ಹಿಡೀತದ!”

ಬಿದ್ದೆ. ಹಿಡಿಯಿತು!

ಚಪ್ಪಾಳೆಯೋ ಚಪ್ಪಾಳೆ. ನಾನು ಗಾಳಿಯಲ್ಲಿ ತೂಗುತ್ತ ಎಲ್ಲರತ್ತ ಕೈ ಬೀಸಿದೆ. ಆಮೇಲೆ ಹೊಳೆಯಿತು. ಬೀಳುವುದಕ್ಕೆ ಸಕಲ ಸಿದ್ಧತೆ ಮಾಡಿಕೊಂಡಿದ್ದೆ, ಇಳಿಯುವುದಕ್ಕೆ ಏನೂ ಇರಲಿಲ್ಲ.

“ಏಣಿ ತರ್ರೋ!”

ಏಣಿ ಗೇಟಿನ ಹತ್ತಿರವಿತ್ತು. ಅದರ ತುದಿಯಲ್ಲಿ ನಿಂತು ಒಬ್ಬ ‘ಸುರಕ್ಷತೆಯೇ ಮೊದಲು’ ಎಂಬ ಬ್ಯಾನರ್ ಕಟ್ಟುತ್ತಿದ್ದ. ಬೆಲ್ಟಿಲ್ಲದೆ! ಕ್ರೇನಿನವನು ಚಹಾಕ್ಕೆ ಹೋಗಿದ್ದ. ಇಕ್ಕಟ್ಟಾಗುತ್ತದೆಂದು ನಾನು ಸಡಿಲ ಬಿಟ್ಟಿದ್ದ ಬೆಲ್ಟಿನ ತೊಡೆಪಟ್ಟಿಗಳು ಮೇಲೇರಿ ಕಚ್ಚತೊಡಗಿದವು. ದೇವರಾಣೆ, ಕಣ್ಣಲ್ಲಿ ನೀರು ಬಂತು.

“ಸಾಹೇಬ್ರ, ಆರಾಮ ಅದೀರೇನ್ರಿ?” ಕೆಳಗಿನಿಂದ ಮಲ್ಲಪ್ಪ ವಿಚಾರಿಸಿದ.

“ಭಾಳ ಆರಾಮ ಅದೀನಿ! ಲಗೂನ ಇಳಸೋ ಮಾರಾಯಾ!”

ಕೊನೆಗೆ ನನ್ನ ಕಾಲಿನ ಕೆಳಗೆ ಸಿಮೆಂಟ್ ಚೀಲಗಳನ್ನು ಒಟ್ಟಿ, ನಾಲ್ಕು ಜನ ಹೊತ್ತು ಇಳಿಸಿದರು. ನಾನು ಮನೆ ಮುಟ್ಟುವ ಮೊದಲೇ ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೋ ಮುಟ್ಟಿತ್ತು.

“ಇದೊಂದು ಬಾಕಿ ಇತ್ತು ನೋಡ್ರಿ,” ಎನ್ನುತ್ತ ಹೆಂಡತಿ ಮುಲಾಮು ಕೈಗಿಟ್ಟು, ನಗು ತಡೆಯಲಾಗದೆ ಒಳಗೆ ಓಡಿದಳು.

ಮರುದಿನ ಬೆಳಿಗ್ಗೆ ಬೆಲ್ಟುಗಳೆಲ್ಲ ಗೋದಾಮಿನಲ್ಲೇ ಬಿದ್ದಿದ್ದವು. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ನಾಟಕವೂ ನಿಂತಿತ್ತು. ಮಲ್ಲಪ್ಪ ಮೇಲೆ, ಸ್ಲ್ಯಾಬಿನ ಅಂಚಿನಲ್ಲಿ, ಬರೀ ಅಂಗಿಯಲ್ಲಿದ್ದ.

“ಮಲ್ಲಪ್ಪಾ! ಬೆಲ್ಟ್ ಎಲ್ಲೋ?”

“ಬ್ಯಾಡ್ರಿ ಸಾಹೇಬ್ರ! ಬಿದ್ರ ಒಮ್ಮೆಗೇ ಮುಗೀತದ. ನಿಮ್ಮಂಗ ನೇತಾಡಿ ಒದ್ದಾಡೋದು ಯಾರಿಗೆ ಬೇಕ್ರಿ?”

ಇಡೀ ಸೈಟು ನಕ್ಕಿತು. ಶಾಂತವ್ವ ನಗಲಿಲ್ಲ. ಇಟ್ಟಿಗೆ ಹೊತ್ತುಕೊಂಡೇ ನನ್ನ ಹತ್ತಿರ ಬಂದಳು.

“ಮೊದಲ ನಿಮ್ಮ ಹೆದರಿಕಿಗರ ಬೆಲ್ಟ್ ಮೈಮ್ಯಾಲ ಇರ್ತಿತ್ರಿ ಸಾಹೇಬ್ರ,” ಎಂದಳು.

ಮೇಲೆ ಹತ್ತಿ ನಾನೇ ಅವನಿಗೆ ತೊಡಿಸಿ ಬರೋಣವೆಂದರೆ, ಮೆಟ್ಟಿಲು ಹತ್ತಲು ತೊಡೆಗಳು ಒಪ್ಪಬೇಕಲ್ಲ! ಕಾಲಗಲಿಸಿಕೊಂಡು ನೆಲದ ಮೇಲೇ ನಿಂತೆ. ಇಡೀ ಸೈಟಿನಲ್ಲಿ ಬೀಳುವ ಅಪಾಯವಿಲ್ಲದ ಮನುಷ್ಯ ಈಗ ನಾನೊಬ್ಬನೇ!